ಗೇಟಿನ ಒಳಗೆ ನೀರಿಗೂ ಬೇರೆ ಬೆಲೆ: ಫುಟ್‌ಬಾಲ್ ಮೈದಾನದ ತಿಂಡಿ ದುಬಾರಿಯಾದ ಹಿನ್ನೆಲೆ

ಹೋದ ಸೀಸನ್‌ನಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ನಗರದ ಒಂದು ಮೈದಾನಕ್ಕೆ ಮ್ಯಾಚ್ ನೋಡಲು ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ಗೇಟಿನಲ್ಲಿ ಚೀಲ ಬಿಚ್ಚಿ ನೋಡಿದವರು ನೀರಿನ ಬಾಟಲಿಯನ್ನು ತೆಗೆದು ಪಕ್ಕದ ಡ್ರಮ್ಮಿಗೆ ಹಾಕಿದರು. ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿ, ಪಲ್ಯವನ್ನೂ ಒಳಗೆ ಬಿಡಲಿಲ್ಲ. ಹಾಫ್ ಟೈಮ್ ಹೊತ್ತಿಗೆ ಹುಡುಗನಿಗೆ ಬಾಯಾರಿಕೆ. ಕೌಂಟರಿನಲ್ಲಿ ಸೀಲ್ ಇರುವ ಬಾಟಲಿ ಸಿಗಲಿಲ್ಲ. ದೊಡ್ಡ ಬಾಟಲಿಯಿಂದ ಪುಟ್ಟ ಪೇಪರ್ ಲೋಟಕ್ಕೆ ಸುರಿದು ಕೊಟ್ಟರು. ಒಂದು ಲೋಟಕ್ಕೆ 20 ರೂಪಾಯಿ. ನೀರು, ಎರಡು ಪಫ್, ಒಂದು ಪಾಪ್‌ಕಾರ್ನ್, ಎರಡು ಕೂಲ್ ಡ್ರಿಂಕ್ಸ್. ಕೂಡಿಸಿ ನೋಡಿದರೆ ನಮ್ಮ ಟಿಕೆಟ್ ದುಡ್ಡಿಗಿಂತ ಜಾಸ್ತಿ.

"ಮಾಮ, ಮನೇಲೇ ಟೀವೀಲಿ ನೋಡಬಹುದಿತ್ತಲ್ವಾ?" ಅಂದ.

ಆ ಮಾತು ಮನಸ್ಸಿಗೆ ನಾಟಿತು. ಅವನನ್ನು ಕರೆದುಕೊಂಡು ಹೋಗಿದ್ದೇ ಮೈದಾನದ ರುಚಿ ಹತ್ತಲಿ ಅಂತ.

ಯಾಕೆ ಇಷ್ಟು ರೇಟು ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಹೊರಗೂ ಎಲ್ಲದರ ಬೆಲೆ ಏರಿದೆ. ಅದು ಸುಳ್ಳಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಹೋಟೆಲಿನ ಕಾಫಿಯಿಂದ ಬೇಕರಿಯ ಬನ್ನಿನವರೆಗೆ ಎಲ್ಲಕ್ಕೂ ಅದರ ಬಿಸಿ ತಟ್ಟಿತು. ಆದರೆ ಬೇಕರಿಯಲ್ಲಿ ಸಿಗುವ ಅದೇ ಪಫ್ ಗೇಟು ದಾಟಿದ ಕೂಡಲೇ ಎರಡು, ಮೂರು ಪಟ್ಟು ಆಗುವುದಕ್ಕೆ ಹಾಲೂ ಕಾರಣವಲ್ಲ, ಎಣ್ಣೆಯೂ ಕಾರಣವಲ್ಲ. ಕಾರಣ ಆ ಗೇಟಿನಲ್ಲೇ ಇದೆ. ಅದು ಮುಚ್ಚಿದ್ದು ಹೇಗೆ ಅಂತ ನೋಡಬೇಕು.

ಫುಟ್‌ಬಾಲ್ ಬೆಂಗಳೂರಿಗೆ ಹೊಸದಲ್ಲ. ದಂಡು ಪ್ರದೇಶದ ಸೈನಿಕರ ಆಟ ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಿಗೆ ಇಳಿದು ನಮ್ಮದಾಯಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದ ಎಸ್. ರಾಮನ್ ನಮ್ಮ ಊರಿನವರು. ಆಮೇಲಿನ ದಶಕಗಳಲ್ಲಿ ಐಟಿಐ, ಎಚ್‌ಎಎಲ್ ಎಂಬ ಸರ್ಕಾರಿ ಫ್ಯಾಕ್ಟರಿಗಳ ತಂಡಗಳ ಕಾಲ. ಫ್ಯಾಕ್ಟರಿಯ ಜನ ಶಿಫ್ಟ್ ಮುಗಿಸಿ ನೇರವಾಗಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಬರುತ್ತಿದ್ದರು.

ನಾನು ಅಲ್ಲಿಗೆ ಮೊದಲು ಹೋಗಿದ್ದು ಅಪ್ಪನ ಜೊತೆ. ಗ್ಯಾಲರಿಯ ಸಿಮೆಂಟು ಮೆಟ್ಟಿಲ ಮೇಲೆ ಕೂತರೆ ಸಾಕು, ಕಡ್ಲೆಕಾಯಿ ತಾತ ಬುಟ್ಟಿ ಹೊತ್ತು ತಾನೇ ಹತ್ತಿ ಬರುತ್ತಿದ್ದ. ಹಿಂದೆಯೇ ಟೀ ಕ್ಯಾನು, ಆಮೇಲೆ ಉಪ್ಪು ಖಾರ ಸವರಿದ ಸೌತೆಕಾಯಿ. ಹೊರಗೆ ರಸ್ತೆಯಲ್ಲಿ ಇದ್ದ ರೇಟೇ ಒಳಗೂ. ಜಾಸ್ತಿ ಕೇಳಿದರೆ ಅಪ್ಪ ಬ್ಯಾಗಿನಿಂದ ಮನೆಯ ಡಬ್ಬಿ ತೆಗೆಯುತ್ತಿದ್ದರು. ಆ ಡಬ್ಬಿ ಇದೆ ಅನ್ನುವುದು ತಾತನಿಗೂ ಗೊತ್ತಿತ್ತು. ಬೆಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದು ಅದೇ.

ಈ ಆಟ ಬೆಳೆದ ಇಂಗ್ಲೆಂಡಿನಲ್ಲೂ ಮೈದಾನದ ತಿಂಡಿ ಶುರುವಾಗಿದ್ದು ಕಾರ್ಮಿಕರ ಊಟವಾಗಿ. ಗಿರಣಿಗಳು ಶನಿವಾರ ಮಧ್ಯಾಹ್ನ ಬಿಡುತ್ತಿದ್ದವು. ಮ್ಯಾಚು ಮೂರು ಗಂಟೆಗೆ ಶುರುವಾಗುವ ರೂಢಿ ಬೆಳೆದದ್ದು ಅದರಿಂದಲೇ. ಒಂದು ಮಾಂಸದ ಪೈ, ಚಳಿಗೆ ಒಂದು ಲೋಟ ಬಿಸಿ ಬೋವ್ರಿಲ್, ಅಂದರೆ ದನದ ಮಾಂಸದ ಸಾರದ ಪಾನೀಯ. ಹೊಟ್ಟೆ ತುಂಬಬೇಕು, ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಅಷ್ಟೇ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲು ಉಂಟಾಗಿ 97 ಜನರ ಪ್ರಾಣ ಹೋಯಿತು. ಅದರ ತನಿಖೆ ನಡೆಸಿ ಮರುವರ್ಷ ಬಂದ ಟೇಲರ್ ವರದಿ ನಿಂತು ನೋಡುವ ಗ್ಯಾಲರಿ ಬೇಡ, ಎಲ್ಲರಿಗೂ ಸೀಟು ಇರಲಿ ಎಂದಿತು. ಜನರ ಜೀವ ಉಳಿಸಲು ಆ ಬದಲಾವಣೆ ಬೇಕಿತ್ತು. ಆದರೆ ಅದರ ಜೊತೆಗೇ ಹೊಸ ಕಟ್ಟಡಗಳು ಬಂದವು. 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಟೀವಿ ದುಡ್ಡು ಬಂತು. ಪ್ರೇಕ್ಷಕ ಒಳಗೆ ಬಂದ ಮೇಲೆ ತಲೆಗೆ ಎಷ್ಟು ಖರ್ಚು ಮಾಡುತ್ತಾನೆ ಅನ್ನುವುದು ಕ್ಲಬ್ಬುಗಳಿಗೆ ಮುಖ್ಯ ಲೆಕ್ಕವಾಯಿತು.

ನಮ್ಮಲ್ಲಿ ಗೇಟು ಬಿಗಿಯಾಗಿದ್ದು ಕ್ರಿಕೆಟ್ ಕಡೆಯಿಂದ. 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಭಾರತ ಸೋಲುವುದು ಖಚಿತವಾದಾಗ ಜನ ಬಾಟಲಿ ಎಸೆದರು. ಪಂದ್ಯ ನಿಂತಿತು, ಶ್ರೀಲಂಕಾ ಗೆದ್ದಿತು ಎಂದು ಘೋಷಿಸಿದರು. ಅದಾಗಿ ಹದಿನಾಲ್ಕು ವರ್ಷಕ್ಕೆ, 2010ರ ಏಪ್ರಿಲ್ 17ರಂದು, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೇ ಬಾಂಬು ಸಿಡಿಯಿತು. ಇಂಥದ್ದೆಲ್ಲ ಆದ ಮೇಲೆ ಚೀಲ ತಪಾಸಣೆ ಬೇಡ ಅಂತ ಯಾರು ಹೇಳುತ್ತಾರೆ? ನಾನೂ ಹೇಳುವುದಿಲ್ಲ. ತುಂಬಿದ ಬಾಟಲಿ ಮೇಲಿನ ಸಾಲಿನಿಂದ ಬಂದು ತಲೆಗೆ ಬಿದ್ದರೆ ದೊಡ್ಡ ಏಟೇ. ಆದರೆ ಚಪಾತಿಯಿಂದ ಯಾರಿಗೆ ಏಟಾಗುತ್ತದೆ? ಬಾಟಲಿಗೆ ಇದ್ದ ಕಾರಣವನ್ನು ಊಟದ ಡಬ್ಬಿಗೂ ಹಚ್ಚಿದಾಗ ಭದ್ರತೆಯ ನಿಯಮ ಮೆಲ್ಲಗೆ ವ್ಯಾಪಾರದ ನಿಯಮವಾಯಿತು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದು, ಅಶೋಕನಗರದಿಂದ ಕಂಠೀರವಕ್ಕೆ ಬಂತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿ, 2018-19ರಲ್ಲಿ ಅದನ್ನೂ ಗೆದ್ದಿತು. ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನ ಹಾಡು, ಡ್ರಮ್ಮು ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆದರೆ ದೇಶದ ಹೆಚ್ಚಿನ ಕ್ಲಬ್ಬುಗಳಿಗೆ ಸ್ವಂತ ಮೈದಾನವಿಲ್ಲ. ಕಂಠೀರವ ಕೂಡ ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯದು, ಅಥ್ಲೆಟಿಕ್ಸ್ ಟ್ರ್ಯಾಕ್ ಇರುವ ಕ್ರೀಡಾಂಗಣ. ಬಾಡಿಗೆ ಮೈದಾನದಲ್ಲಿ ಯಾವ ಕ್ಲಬ್ಬೂ ದೊಡ್ಡ ಅಡುಗೆಮನೆ ಕಟ್ಟಲು ಮುಂದಾಗುವುದಿಲ್ಲ. ಸಾಮಾನ್ಯವಾಗಿ ತಿಂಡಿಯ ಕೆಲಸ ಹೊರಗಿನ ಗುತ್ತಿಗೆದಾರರಿಗೆ ಹೋಗುತ್ತದೆ.

ಈ ಗುತ್ತಿಗೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೆಲೆ ಹುಟ್ಟುವುದೇ ಇಲ್ಲಿ. 2024-25ರ ಐಎಸ್‌ಎಲ್‌ನಲ್ಲಿ 13 ತಂಡಗಳಿದ್ದವು. ಅಂದರೆ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ತವರಿನಲ್ಲಿ 12 ಪಂದ್ಯ. ವರ್ಷಕ್ಕೆ ಹನ್ನೆರಡೇ ಸಂಜೆ ವ್ಯಾಪಾರ. ಅದರಲ್ಲೂ ನಿಜವಾದ ನೂಕಾಟ ಹಾಫ್ ಟೈಮಿನ 15 ನಿಮಿಷ. ಒಬ್ಬ ಗಿರಾಕಿಗೆ 20 ಸೆಕೆಂಡ್ ಅಂದುಕೊಳ್ಳಿ. ಒಂದು ಸ್ಟಾಲಿನಲ್ಲಿ ಇಬ್ಬರು ಕೆಲಸ ಮಾಡಿದರೆ ಆ ಹೊತ್ತಿನಲ್ಲಿ 90 ಜನ. ಮ್ಯಾಚಿಗೆ ಮುಂಚೆ ಇನ್ನೊಂದು 210 ಜನ ಬಂದರು ಅಂತಲೇ ಇಟ್ಟುಕೊಳ್ಳಿ. ಒಟ್ಟು 300. ಸ್ಟಾಲಿನವನು ಆ ಒಂದು ರಾತ್ರಿಗೆ 15,000 ರೂಪಾಯಿ ಕಟ್ಟಿದ್ದರೆ, ಒಂದು ತುಣುಕು ತಿಂಡಿ ಮಾಡುವ ಮೊದಲೇ ತಲೆಗೆ 50 ರೂಪಾಯಿ ಬಿದ್ದಾಯಿತು. ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ. ನೆಲಬಾಡಿಗೆ ಜಾಸ್ತಿ, ಮಾರುವ ಹೊತ್ತು ಕಮ್ಮಿ ಅಂದಾಗ ಏನಾಗುತ್ತದೆ ಅನ್ನುವುದು ಇದರಲ್ಲಿ ಕಾಣುತ್ತದೆ. ಅದಕ್ಕೇ ಕೌಂಟರಿನಲ್ಲಿ ನಿಂತ ಹುಡುಗರ ಮೇಲೆ ರೇಗಾಡಬೇಡಿ. ಬೆಲೆ ಇಟ್ಟವರು ಅವರಲ್ಲ.

ಟೆಂಡರಿನಲ್ಲಿ ಜಾಸ್ತಿ ಕೂಗಿದವರಿಗೆ ಜಾಗ ಸಿಕ್ಕರೆ, ಆ ಜಾಸ್ತಿ ದುಡ್ಡು ಬರಬೇಕಾದದ್ದು ನಮ್ಮ ಜೇಬಿನಿಂದ. ಮೇಲೆ ಪ್ರಾಯೋಜಕರ ಕರಾರು. ಪಾನೀಯದ ಕಂಪನಿಯೊಂದು ಪ್ರಾಯೋಜಕನಾದರೆ ಒಳಗೆ ಅದರದ್ದೇ ಮಾಲು, ಪಕ್ಕದ ಸ್ಟಾಲಿನಲ್ಲಿ ಅಗ್ಗದ್ದು ಸಿಗುವ ಮಾತೇ ಇಲ್ಲ. ಕಡ್ಲೆಕಾಯಿ ತಾತನಂಥವರು ಈ ಟೆಂಡರಿನ ಹತ್ತಿರಕ್ಕೂ ಬರಲಾರರು. ಬೀದಿ ವ್ಯಾಪಾರಿಗಳ ಬದುಕನ್ನು ಕಾಪಾಡಲು 2014ರಲ್ಲಿ ಕಾಯ್ದೆಯೇ ಬಂತು, ನಿಜ. ಆದರೆ ಅದು ರಸ್ತೆಯ ಮಾತು. ಗೇಟಿನ ಒಳಗೆ ಅವರಿಗೆ ಜಾಗ ಕೊಡಿಸಲಿಲ್ಲ.

ತೆರಿಗೆಯ ಮಾತು ಚಿಕ್ಕದು. ಕೂಲ್ ಡ್ರಿಂಕ್ಸ್ ಮೇಲಿನ ಜಿಎಸ್‌ಟಿ ಮೊದಲು ಸೆಸ್ ಸೇರಿ ಶೇ 40 ಇತ್ತು, ಈಗಲೂ ಶೇ 40. ಬಾಟಲಿ ನೀರಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಹೋಗಿ ಶೇ 5 ಆಯಿತು. ಆ ದಿನವೇ ರೈಲ್ವೆ ತನ್ನ ಒಂದು ಲೀಟರ್ 'ರೈಲ್ ನೀರ್' ಬೆಲೆಯನ್ನು 15ರಿಂದ 14 ರೂಪಾಯಿಗೆ ಇಳಿಸಿತು. ಓಡುವ ರೈಲಿನಲ್ಲಿ ಕೂತವನೂ ಇಳಿದು ಬೇರೆ ಅಂಗಡಿಗೆ ಹೋಗಲಾರ. ಆದರೂ ಅಲ್ಲಿ ಲೀಟರಿಗೆ 14 ರೂಪಾಯಿ. ನಾನು 20 ರೂಪಾಯಿ ಕೊಟ್ಟ ಲೋಟದಲ್ಲಿ 200 ಮಿಲಿ ನೀರಿತ್ತು ಅಂದುಕೊಂಡರೂ ಲೀಟರಿಗೆ 100 ರೂಪಾಯಿ ಆಯಿತು.

ಹಾಗಾದರೆ ಎಂಆರ್‌ಪಿ ಅನ್ನುವುದು ಏನಾಯಿತು? ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸಬೇಕೆಂಬ ನಿಯಮ ಬಂದದ್ದು 1990ರಲ್ಲಿ. ಈಗಿರುವುದು 2011ರ ನಿಯಮಗಳು. ಮುದ್ರಿಸಿದ ಬೆಲೆಗಿಂತ ಜಾಸ್ತಿಗೆ ಅಂಗಡಿಯವರು ಮಾರುವ ಹಾಗಿಲ್ಲ. ಆಗ ಕೆಲವರು ಬೇರೆ ದಾರಿ ಹುಡುಕಿದರು. ಅದೇ ನೀರು, ಅದೇ ಬಾಟಲಿ, ಆದರೆ ಮಾಲ್‌ಗೆ, ಮಲ್ಟಿಪ್ಲೆಕ್ಸ್‌ಗೆ ಅಂತ ಬೇರೆ ಎಂಆರ್‌ಪಿ ಹಾಕಿಸಿದರು. ಜನ ಗ್ರಾಹಕ ಕೋರ್ಟಿಗೆ ಹೋದರು. 2016ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಇದನ್ನು ಒಪ್ಪಲಿಲ್ಲ. 2018ರ ಜನವರಿ 1ರಿಂದ ಒಂದೇ ಮಾಲಿಗೆ ಎರಡು ಎಂಆರ್‌ಪಿ ಹಾಕುವುದಕ್ಕೆ ತಡೆ ಬಿತ್ತು. ಅದಕ್ಕೆ ಕೆಲವೇ ದಿನ ಮುಂಚೆ, 2017ರ ಡಿಸೆಂಬರ್‌ನಲ್ಲಿ, ಹೋಟೆಲು ಮತ್ತು ರೆಸ್ಟೋರೆಂಟುಗಳು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿ ನೀರಿನ ಜೊತೆ ಸೇವೆಯೂ ಇದೆ ಅನ್ನುವುದು ಆ ತೀರ್ಪಿನ ವಾದ. ಸಾಲಿನಲ್ಲಿ ಬೆವರು ಒರೆಸಿಕೊಂಡು ನಿಂತು ಬಾಟಲಿ ಈಸಿಕೊಳ್ಳುವ ಮೈದಾನದ ಕೌಂಟರನ್ನು ರೆಸ್ಟೋರೆಂಟ್ ಅನ್ನುವುದು ನನ್ನ ಪ್ರಕಾರ ಸರಿಯಲ್ಲ.

ಪೇಪರ್ ಲೋಟ ಬಂದಾಗ ಈ ಚರ್ಚೆಯೇ ಮುಗಿದುಹೋಗುತ್ತದೆ. ಎಂಆರ್‌ಪಿ ಇರುವುದು ಸೀಲ್ ಮಾಡಿದ ಪೊಟ್ಟಣಕ್ಕೆ. ಮುಚ್ಚಳ ತೆಗೆದು ಲೋಟಕ್ಕೆ ಸುರಿದರೆ ಅದು ಬಿಡಿ ಮಾಲು, ಅದರ ಮೇಲೆ ಮುದ್ರಿಸಿದ ಬೆಲೆ ಇಲ್ಲ. ಬಾಟಲಿ ಎಸೆಯಬಾರದು ಅಂತ ಬಂದ ಲೋಟ ಬೆಲೆಯ ಕಡಿವಾಣವನ್ನೂ ಕಳಚಿತು. ಪಾಪ್‌ಕಾರ್ನ್, ಪಫ್, ಟೀಗೆ ಮೊದಲಿಂದಲೂ ಕಡಿವಾಣ ಇರಲಿಲ್ಲ.

ಸಿನಿಮಾ ಮಂದಿರಗಳ ವಿಷಯದಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಮಂದಿರದವರಿಗಿದೆ, ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಎಂದಿತು. ತೀರ್ಪು ಚಿತ್ರಮಂದಿರದ್ದೇ ಆದರೂ ನ್ಯಾಯ ಮೈದಾನಕ್ಕೂ ಒಂದೇ ಅಲ್ವಾ? ಬಾಟಲಿ ಕಿತ್ತುಕೊಳ್ಳುವವರು ನೀರಿಗೆ ದಾರಿ ತೋರಿಸಬೇಕು.

ಕ್ಲಬ್ಬುಗಳ ಕಷ್ಟವೂ ಸಣ್ಣದಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಹೇಳಬೇಕಾಯಿತು. ಇಂಥ ಹೊತ್ತಿನಲ್ಲಿ ತಿಂಡಿಯ ಬೆಲೆ ಇಳಿಸಿ ಅಂದರೆ ಯಾರು ಕೇಳುತ್ತಾರೆ ಅನ್ನಬಹುದು. ಆದರೆ ಇಳಿಸಿದರೆ ನಷ್ಟವೇ ಆಗಬೇಕೆಂದಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 2017ರಲ್ಲಿ ಮರ್ಸಿಡಿಸ್-ಬೆಂಝ್ ಕ್ರೀಡಾಂಗಣ ತೆರೆಯಿತು. ಅಟ್ಲಾಂಟಾ ಯುನೈಟೆಡ್ ಫುಟ್‌ಬಾಲ್ ತಂಡ ಆಡುವುದು ಅಲ್ಲೇ. ಆಗ ಹಾಟ್ ಡಾಗ್ 2 ಡಾಲರ್, ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳುವ ಸೋಡಾ 2 ಡಾಲರ್. ಹಳೆಯ ಕ್ರೀಡಾಂಗಣಕ್ಕಿಂತ ಬೆಲೆ ಅರ್ಧ ಇಳಿಸಿದರೂ ತಲಾ ಖರ್ಚು ಶೇ 16 ಏರಿತು ಎಂದು ಅಲ್ಲಿಯವರೇ ಹೇಳಿದರು. ಜನ ಮನೆಯಲ್ಲಿ ತಿಂದು ಬರುವುದನ್ನು ಬಿಟ್ಟು ಬೇಗ ಬಂದು ಒಳಗೇ ತಿಂದರು.

ಜನ ಒಟ್ಟಾಗಿ ಕೇಳಿದರೂ ಕೆಲಸ ಆಗುತ್ತದೆ. 2016ರ ಫೆಬ್ರುವರಿ 6ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳು 77 ಪೌಂಡಿನ ಟಿಕೆಟ್ ವಿರೋಧಿಸಿ, ತಮ್ಮ ತಂಡ 2-0 ಮುಂದಿರುವಾಗಲೇ, 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಮ್ಯಾಚು 2-2 ಆಯಿತು. ಆದರೆ ಕೆಲವೇ ದಿನದಲ್ಲಿ ಮಾಲೀಕರು ಆ ಬೆಲೆ ಕೈಬಿಟ್ಟರು. ಅದೇ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ ಹೊರಗಿನ ಊರಿನಿಂದ ಬರುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡಿನ ಮಿತಿ ಬಂತು. ಅಷ್ಟೊಂದು ಒಗ್ಗಟ್ಟು ತಿಂಡಿಯ ಬೆಲೆಗೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಸೀಲ್ ಇರುವ ಬಾಟಲಿಗೆ ಎಂಆರ್‌ಪಿ ಮೀರಿ ಕೇಳಿದರೆ ಬಿಲ್ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಲೋಟದ ನೀರಿಗೆ ಅಷ್ಟು ಸುಲಭದ ದಾರಿ ಇಲ್ಲ. ಅದನ್ನು ಅಭಿಮಾನಿಗಳೇ ಕ್ಲಬ್ಬಿನ ಮುಂದೆ ಕೂತು ಕೇಳಬೇಕು: ಪ್ರತಿ ಸ್ಟ್ಯಾಂಡಿನಲ್ಲೂ ನೀರಿನ ಕ್ಯಾನ್ ಇಡಿ, ಸ್ಟಾಲ್ ಕೊಡುವಾಗಲೇ ಪಫ್ಫಿಗೂ ಟೀಗೂ ಮೇಲಿನ ಮಿತಿ ಬರೆಸಿ, ಬೆಲೆಪಟ್ಟಿಯನ್ನು ಸಾಲಿನ ಕೊನೆಯಲ್ಲಿ ನಿಂತವರಿಗೂ ಕಾಣುವ ಹಾಗೆ ಕಟ್ಟಿಸಿ.

ಆಮೇಲೆ ಇನ್ನೊಂದು ಮ್ಯಾಚಿಗೆ ಅಕ್ಕನ ಮಗ ತಾನೇ ಬರ್ತೀನಿ ಅಂದ. ಈ ಸಲ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ನಿಂತು ಚಪಾತಿ ತಿಂದೆವು. ನಮ್ಮ ಹಾಗೆಯೇ ಇನ್ನೂ ನಾಲ್ಕೈದು ಮನೆಯವರು ಡಬ್ಬಿ ಬಿಚ್ಚಿಕೊಂಡು ನಿಂತಿದ್ದರು. ಬಾಟಲಿ ಡ್ರಮ್ಮಿಗೆ ಹೋಗಬಾರದು ಅಂತ ಅವನು ಒಂದು ಲೀಟರ್ ನೀರನ್ನೂ ಅಲ್ಲೇ ಕುಡಿದು ಮುಗಿಸಿದ. ಇಪ್ಪತ್ತನೇ ನಿಮಿಷಕ್ಕೆ ಟಾಯ್ಲೆಟ್ಟಿಗೆ ಹೋಗಬೇಕು ಅಂದ. ನಾವು ಅಲ್ಲಿಂದ ವಾಪಸ್ ಬರುವಾಗ ಮೆಟ್ಟಿಲ ಕೆಳಗೆ ಗೋಲಿನ ಕೂಗು ಕೇಳಿಸಿತು. ಆ ಮ್ಯಾಚಿನಲ್ಲಿ ನಮ್ಮವರು ಹೊಡೆದ ಗೋಲು ಅದೊಂದೇ.