ಗಿಟಾರ್ ತಂತಿ: ಹನ್ನೊಂದೋ ಹನ್ನೆರಡೋ?

ಅಕೌಸ್ಟಿಕ್ ಗಿಟಾರಿಗೆ ಹೊಸ ತಂತಿ ಆರಿಸಬೇಕು ಅಂತ ಕೂತರೆ ಪ್ಯಾಕೆಟ್ ಮೇಲಿನ ಬರಹ ಓದುವಷ್ಟರಲ್ಲೇ ಸುಸ್ತಾಗುತ್ತದೆ. ಫಾಸ್ಫರ್ ಬ್ರಾಂಜ್, 80/20, ಕೋಟೆಡ್, ಕಸ್ಟಮ್ ಲೈಟ್... ಎಲ್ಲರೂ ಲೋಹದ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಕೈಗೆ ಮೊದಲು ಗೊತ್ತಾಗುವುದು ಮಾತ್ರ ಗೇಜ್, ಅಂದರೆ ತಂತಿಯ ದಪ್ಪ. ಅದಕ್ಕೇ ಈ ಟಿಪ್ಪಣಿಯಲ್ಲಿ ಮುಕ್ಕಾಲು ಪಾಲು ಗೇಜ್ ವಿಷಯವೇ ಇದೆ.

ಇದೆಲ್ಲ ಸ್ಟೀಲ್ ತಂತಿಯ ಗಿಟಾರಿಗೆ ಮಾತ್ರ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಲೇಬೇಡಿ. ಎಳೆತ ತಾಳದೆ ಬ್ರಿಡ್ಜ್, ಅಂದರೆ ತಂತಿ ಕಟ್ಟಿರುವ ಮರದ ತುಂಡು, ಕಿತ್ತು ಬರಬಹುದು.

ಗೇಜ್ ಸಂಖ್ಯೆ

ಸೆಟ್ಟಿನ ಹೆಸರು ಬರುವುದು ಒಂದನೇ ತಂತಿಯಿಂದ, ಅಂದರೆ ಅತಿ ತೆಳುವಾದದ್ದರಿಂದ. "ಹನ್ನೆರಡರ ಸೆಟ್" ಎಂದರೆ ಒಂದನೇ ತಂತಿ 0.012 ಇಂಚು ದಪ್ಪ, ಸುಮಾರು 0.30 ಮಿಲಿಮೀಟರ್. ಸಾಮಾನ್ಯವಾಗಿ 10 ಎಕ್ಸ್‌ಟ್ರಾ ಲೈಟ್, 11 ಕಸ್ಟಮ್ ಲೈಟ್, 12 ಲೈಟ್, 13 ಮೀಡಿಯಂ. ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಸಂಖ್ಯೆಯನ್ನೇ ನೋಡಿ.

ನನ್ನ ತಲೆಗೆ ಬೇಗ ಹತ್ತದ ಪ್ರಶ್ನೆ ಇದು: 11ಕ್ಕೂ 12ಕ್ಕೂ ಇರುವ ವ್ಯತ್ಯಾಸ ಇಂಚಿನ ಸಾವಿರದಲ್ಲೊಂದು ಭಾಗ. ಕಣ್ಣಿಗೆ ಕಾಣದಷ್ಟು ಸಣ್ಣದು. ಬೆರಳಿಗೆ ಹೇಗೆ ಅಷ್ಟು ಗೊತ್ತಾಗುತ್ತದೆ?

ಉತ್ತರ ವರ್ಗದಲ್ಲಿದೆ. ತಂತಿಯ ಎಳೆತವನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಅದರ ತೂಕ, ಉದ್ದ, ಸ್ವರ. ಒಂದೇ ಗಿಟಾರ್, ಒಂದೇ ಶ್ರುತಿ ಅಂದರೆ ಉದ್ದವೂ ಸ್ವರವೂ ಬದಲಾಗುವುದಿಲ್ಲ. ಉಳಿದದ್ದು ತೂಕ. ಒಂದೇ ಉದ್ದದ ತಂತಿಯ ತೂಕ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತದೆ. 11ರ ವರ್ಗ 121, 12ರ ವರ್ಗ 144. ಭಾಗಿಸಿದರೆ 1.19. ಅಂದರೆ 11ರಿಂದ 12ಕ್ಕೆ ಹೋದರೆ ಒಂದನೇ ತಂತಿಯ ಎಳೆತ ಶೇ 19ರಷ್ಟು ಜಾಸ್ತಿ! ಅದೇ 10ರಿಂದ 12ಕ್ಕೆ ಹೋದರೆ ಶೇ 44. ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡುವಾಗ ಬೆರಳು ಯಾಕೆ ಗೊಣಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಇಲ್ಲೇ ಇನ್ನೊಂದು ಸಂಗತಿ ಅಡಗಿದೆ. ಡಿ'ಅಡಾರಿಯೋ ಕಂಪನಿಯ ಎರಡು ಫಾಸ್ಫರ್ ಬ್ರಾಂಜ್ ಸೆಟ್ ಪಕ್ಕಪಕ್ಕ ಇಟ್ಟು ನೋಡಿ. ಲೈಟ್: 12, 16, 24, 32, 42, 53. ಕಸ್ಟಮ್ ಲೈಟ್: 11, 15, 22, 32, 42, 52. ನಾಲ್ಕನೆಯದೂ ಐದನೆಯದೂ ಎರಡರಲ್ಲೂ ಒಂದೇ! ಆರನೆಯದರಲ್ಲಿ ವ್ಯತ್ಯಾಸ ಹೆಸರಿಗಷ್ಟೇ. ಅಂದರೆ 12ರಿಂದ 11ಕ್ಕೆ ಇಳಿದರೆ ಸಡಿಲವಾಗುವುದು ಮುಖ್ಯವಾಗಿ ತೆಳುವಾದ ಮೊದಲ ಮೂರು ತಂತಿ. ಎಫ್ ಬಾರೆಯಲ್ಲಿ (ಒಂದೇ ಬೆರಳಿಂದ ಆರೂ ತಂತಿ ಒತ್ತುವ ಎಫ್ ಕಾರ್ಡ್) ಒಂದನೇ, ಎರಡನೇ ತಂತಿ ಸರಿಯಾಗಿ ಒತ್ತಲು ಆಗುತ್ತಿಲ್ಲ ಅನ್ನುವವರಿಗೆ ಇದರಿಂದ ಲಾಭ. ದಪ್ಪ ತಂತಿಗಳೇ ಕೈ ನೋಯಿಸುತ್ತಿವೆ ಅನ್ನುವವರಿಗೆ 11 ಸಾಕಾಗುವುದಿಲ್ಲ, 10ರ ಸೆಟ್ ನೋಡಬೇಕು. ಅದರಲ್ಲಿ ಆರನೆಯದು 47.

ಕೊಳ್ಳುವ ಮೊದಲೇ ಕೈಗೆ ತಿಳಿಯುವ ಉಪಾಯ

ಇದು ನನಗೆ ತುಂಬ ಇಷ್ಟವಾದದ್ದು. ಈಗ ಗಿಟಾರಿನಲ್ಲಿ 12ರ ಸೆಟ್ ಇದೆ ಅಂದುಕೊಳ್ಳಿ. ಆರೂ ತಂತಿಯನ್ನು ಅರ್ಧ ಸ್ವರ ಕೆಳಗಿಳಿಸಿ, ಒಂದನೇ ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ. ಸ್ವರ ಮತ್ತೆ ಮಾಮೂಲಿಯೇ, ಎಳೆತ ಮಾತ್ರ ಶೇ 11ರಷ್ಟು ಕಡಿಮೆ. ಎರಡು ಅರ್ಧ ಸ್ವರ ಇಳಿಸಿ ಎರಡನೇ ಫ್ರೆಟ್ಟಿಗೆ ಕೇಪೋ ಹಾಕಿದರೆ ಸುಮಾರು ಶೇ 21 ಕಡಿಮೆ. 11ರ ಸೆಟ್ಟಿನ ಒಂದನೇ ತಂತಿ ಶೇ 16 ಕಡಿಮೆ ಇರುತ್ತದೆ, ಇವೆರಡರ ಸರಿಯಾಗಿ ನಡುವೆ. ಮೂರು ಇಳಿಸಿ ಮೂರಕ್ಕೆ ಕೇಪೋ ಹಾಕಿದರೆ ಹತ್ತಿರ ಹತ್ತಿರ 10ರ ತಂತಿಯ ಅನುಭವ.

ಕೇಪೋ ಹಾಕಿ ಸ್ವರ ಏರಿಸಿದ ಮೇಲೆ ಎಳೆತವೂ ಮತ್ತೆ ಏರಬೇಕಲ್ವಾ? ಇಲ್ಲ. ಎಳೆತ ಅವಲಂಬಿಸಿರುವುದು ಉದ್ದ ಮತ್ತು ಸ್ವರದ ಆವರ್ತನ, ಇವೆರಡರ ಗುಣಲಬ್ಧದ ಮೇಲೆ. ಕೇಪೋ ಹಾಕಿದಾಗ ಮಿಡಿಯುವ ಉದ್ದ ಎಷ್ಟು ಪಾಲು ತಗ್ಗುತ್ತದೋ ಆವರ್ತನ ಅಷ್ಟೇ ಪಾಲು ಏರುತ್ತದೆ. ಗುಣಿಸಿದರೆ ಮೊದಲಿದ್ದದ್ದೇ. ಬಿರಡೆ ತಿರುಗಿಸಿ ಎಷ್ಟು ಬಿಗಿ ಮಾಡಿದ್ದೀವೋ ಅಷ್ಟೇ ಎಳೆತ, ಕೇಪೋ ಒತ್ತುವುದರಿಂದ ಸೇರುವುದು ತೀರಾ ಚೂರು.

ಸ್ಕೇಲ್ ಉದ್ದದ, ಅಂದರೆ ಮುಕ್ತ ತಂತಿಯ ಮಿಡಿಯುವ ಉದ್ದದ, ಲೆಕ್ಕವೂ ಇದರಿಂದಲೇ ಬರುತ್ತದೆ. 25.4 ಇಂಚಿನ ಬದಲು 24.9 ಇಂಚು ಸ್ಕೇಲ್ ಇರುವ ಗಿಟಾರಿನಲ್ಲಿ ಅದೇ ಸೆಟ್ ಸುಮಾರು ಶೇ 4ರಷ್ಟು ಮೆತ್ತಗಿರುತ್ತದೆ.

ಈ ಉಪಾಯದಲ್ಲಿ ಎರಡು ಕೊರತೆ ಇವೆ. ಕೇಪೋ ತಂತಿಯನ್ನು ಫ್ರೆಟ್ಟಿಗೆ ಹತ್ತಿರ ತರುತ್ತದೆ, ಹಾಗಾಗಿ ಒತ್ತುವುದು ಇದ್ದದ್ದಕ್ಕಿಂತ ಸುಲಭ ಅನಿಸುತ್ತದೆ. ಮತ್ತೆ, ಇಲ್ಲಿ ಆರೂ ತಂತಿ ಸಡಿಲವಾಗುತ್ತವೆ, ನಿಜವಾದ 11ರ ಸೆಟ್ಟಿನಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಮೊದಲ ಮೂರು ತಂತಿಯನ್ನಷ್ಟೇ ನುಡಿಸಿ ತೀರ್ಮಾನಿಸಿ. ಕೇಪೋ ಹಾಕಿ ಮುಕ್ತ ತಂತಿ ಮೀಟಿದರೂ ಒಂದನೆಯದರ ದನಿ ಸೊರಗಿದೆ ಅನಿಸಿದರೆ ಸುಮ್ನೆ 12ರಲ್ಲೇ ಇರಿ. ತೆಳು ತಂತಿ ಗಿಟಾರಿನ ಮುಂದಿನ ಮರದ ಹಲಗೆಯನ್ನು ಅಷ್ಟು ಜೋರಾಗಿ ಅಲುಗಿಸುವುದಿಲ್ಲ.

ಲೋಹ

ಬೇಗ ಮುಗಿಸುತ್ತೇನೆ. ಒಂದನೆಯದು, ಎರಡನೆಯದು ಬರೀ ಸ್ಟೀಲ್. ಬ್ರಾಂಜ್ ಇರುವುದು ಉಳಿದ ನಾಲ್ಕರ ಸುತ್ತಿನಲ್ಲಿ ಮಾತ್ರ. 80/20 ಅಂದರೆ ತಾಮ್ರ 80, ಸತು 20. ಹೊಸತರಲ್ಲಿ ದನಿ ಫಳಫಳ, ಬೇಗ ಮಂಕಾಗುತ್ತದೆ. ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರದ ಜೊತೆ ತವರ, ಚೂರೇ ಚೂರು ರಂಜಕ. ದನಿ ಸ್ವಲ್ಪ ಬೆಚ್ಚಗೆ, ಬಾಳಿಕೆಯೂ ಜಾಸ್ತಿ. ಬೆವರುವ ಕೈಯವರಿಗೆ ಕೋಟೆಡ್ (ತೆಳು ಲೇಪ ಇರುವ) ತಂತಿ ಒಳ್ಳೆಯದು, ಎಲಿಕ್ಸರ್ ಥರದ್ದು. ದುಬಾರಿ, ಆದರೆ ತಿಂಗಳುಗಟ್ಟಲೆ ತುಕ್ಕು ಹತ್ತಿರ ಸುಳಿಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಸೆಟ್ ಬೇಡ. ಅದರಲ್ಲಿ ಮೂರನೇ ತಂತಿಗೆ ಸಾಮಾನ್ಯವಾಗಿ ಸುತ್ತು ಇರುವುದಿಲ್ಲ, ದನಿಯೂ ಹೊಂದುವುದಿಲ್ಲ.

ಗೇಜ್ ಬದಲಿಸಿದ ಮೇಲೆ

ದಪ್ಪ ತಂತಿಗೆ ಹೋದರೆ ನೆಕ್ ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತದೆ. ತೆಳುವಿಗೆ ಹೋದರೆ ನೆಕ್ ಹಿಂದಕ್ಕೆ ಸರಿದು ಮೊದಲ ಫ್ರೆಟ್‌ಗಳಲ್ಲಿ ಜುಯ್ ಅನ್ನುವ ಸದ್ದು ಬರಬಹುದು. ಟ್ಯೂನ್ ಮಾಡುವಾಗ ಟಿಂಗ್ ಎಂದು ಸ್ವರ ಹಾರಿದರೆ, ದಪ್ಪ ತಂತಿ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. 11, 12ರ ನಡುವೆ ಬದಲಿಸಿದರೆ ಇದೆಲ್ಲ ಬಹಳ ಸಲ ಬರುವುದೇ ಇಲ್ಲ. ಬಂದರೂ ಒಂದೆರಡು ದಿನ ಬಿಡಿ, ಮರ ಹೊಸ ಎಳೆತಕ್ಕೆ ಹೊಂದಿಕೊಳ್ಳಲಿ. ಆಮೇಲೂ ಜುಯ್ ಸದ್ದು ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಕಂಬಿ) ಕಾಲು ಸುತ್ತು ಸಡಿಲಿಸಿ ನೋಡಿ. ಒಂದೇ ಸಲಕ್ಕೆ ಅದಕ್ಕಿಂತ ಜಾಸ್ತಿ ತಿರುಗಿಸಬೇಡಿ.