ಕಡಿಮೆ ಕರೆಂಟಿನ ಮನೆ ರೂಟರ್: ಯೂಟ್ಯೂಬ್ ಓಡಿತು, ಬ್ಯಾಂಕ್ ತೆರೆಯಲಿಲ್ಲ

ಮನೆಯ ರೂಟರನ್ನು ನಾನೇ ಕಟ್ಟಿ ಎರಡು ವಾರವಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಲಿನಕ್ಸ್ ಹಾಕುವುದು, ಕಮಾಂಡ್ ಹೊಡೆಯುವುದು ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಯಾವ ಡಬ್ಬಿ?

ಮೂಲೆಯಲ್ಲಿದ್ದ ಹಳೆ ಡೆಸ್ಕ್‌ಟಾಪನ್ನೇ ರೂಟರ್ ಮಾಡೋಣ ಅಂತಿದ್ದೆ. ಲೆಕ್ಕ ಹಾಕಿದ ಮೇಲೆ ಬಿಟ್ಟೆ. ಹಗಲೂ ರಾತ್ರಿ ಆನ್ ಇರುವ ವಸ್ತು ತಿನ್ನುವ ಒಂದೊಂದು ವ್ಯಾಟ್‌ಗೂ ವರ್ಷಕ್ಕೆ ಸುಮಾರು 9 ಯೂನಿಟ್ (ಸರಿಯಾಗಿ 8.76). ಡೆಸ್ಕ್‌ಟಾಪ್ 50 ವ್ಯಾಟ್ ತಿಂದರೆ 438 ಯೂನಿಟ್. 5 ವ್ಯಾಟಿನ ಪುಟ್ಟ ಬೋರ್ಡ್ ಆದರೆ 44.

ಕೊನೆಗೆ ತಂದದ್ದು ನ್ಯಾನೋಪೈ ಆರ್2ಎಸ್. 1 ಜಿಬಿ ರ‍್ಯಾಮ್, ಎರಡು ಗಿಗಾಬಿಟ್ ಪೋರ್ಟ್. ಎರಡು ಪೋರ್ಟ್ ಇರುವುದೇ ಮುಖ್ಯ. ಒಂದು ಇಂಟರ್ನೆಟ್ ತರುವ ಫೈಬರ್ ಡಬ್ಬಿಗೆ, ಇನ್ನೊಂದು ಮನೆಯೊಳಕ್ಕೆ. ರಾಸ್ಪ್‌ಬೆರಿ ಪೈ 4ರಲ್ಲಿ ಒಂದೇ ಇದೆ, ಇನ್ನೊಂದಕ್ಕೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಬೇಕು.

ರೂಟರಿಗೆಂದೇ ಮಾಡಿದ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದರೆ ಬೇಗ ಮುಗಿಯುತ್ತಿತ್ತು. ಒಳಗೆ ಏನು ನಡೆಯುತ್ತೆ ಅಂತ ಕಲಿಯಬೇಕಿತ್ತು, ಅದಕ್ಕೆ ಪುಟ್ಟ ಬೋರ್ಡ್‌ಗಳ ಸಾಮಾನ್ಯ ಲಿನಕ್ಸ್ ಆದ ಆರ್ಮ್‌ಬಿಯನ್ ಹಾಕಿದೆ. ಐಪಿ ಫಾರ್ವರ್ಡಿಂಗ್ (ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಸುವುದು) ಆನ್, ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಮಾಸ್ಕರೇಡ್ (ಮನೆಯ ಎಲ್ಲ ಸಾಧನಗಳೂ ಹೊರಗೆ ಒಂದೇ ವಿಳಾಸದಲ್ಲಿ ಕಾಣುವಂತೆ ಮಾಡುವುದು), ವಿಳಾಸ ಹಂಚಲು ಡಿಎನ್‌ಎಸ್‌ಮಾಸ್ಕ್. ಇಷ್ಟು ಸಲೀಸು.

ಎರಡು ದಿನ ತಿಂದ 8 ಬೈಟ್

ಎಲ್ಲ ಜೋಡಿಸಿದೆ. ಪಿಂಗ್ ಹೋಗುತ್ತಿದೆ, ಯೂಟ್ಯೂಬ್ ಓಡುತ್ತಿದೆ. ಬ್ಯಾಂಕಿನ ಪುಟ ಮಾತ್ರ ಸುತ್ತುತ್ತಲೇ ಇದೆ. ತೆರೆಯುವುದೂ ಇಲ್ಲ, ಆಗಲ್ಲ ಅನ್ನುವುದೂ ಇಲ್ಲ. ಡಿಎನ್‌ಎಸ್ ಬದಲಿಸಿದೆ, ಕೇಬಲ್ ಬದಲಿಸಿದೆ. ತಮಾಷೆ ಅಂದರೆ, ರೂಟರಿನ ಒಳಗಿಂದಲೇ ಅದೇ ಪುಟ ಕೇಳಿದರೆ ತಟ್ಟನೆ ಬರುತ್ತಿತ್ತು.

ನಮ್ಮದು ಪಿಪಿಪಿಓಇ ಸಂಪರ್ಕ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವಂಥದ್ದು. ಈಥರ್ನೆಟ್ ಒಂದು ಸಲಕ್ಕೆ 1500 ಬೈಟ್ ಹೊರುತ್ತದೆ. ಅದರಲ್ಲಿ 8 ಬೈಟ್ ಪಿಪಿಪಿಓಇ ತನಗೇ ಇಟ್ಟುಕೊಳ್ಳುತ್ತದೆ. ಹಳೆ ಮನೆಯ ತಲೆಬಾಗಿಲು ನೆನಪಿಸಿಕೊಳ್ಳಿ. ಬಾಗಿಲ ಎತ್ತರ 1500. ದಾಟುವವರು 8ರ ಪೇಟ ಸುತ್ತಿಕೊಳ್ಳಲೇಬೇಕು. ಹಾಗಾದರೆ ಆಸಾಮಿ 1492 ಮೀರುವಂತಿಲ್ಲ, ಅಲ್ವಾ?

ಇಷ್ಟು ನನಗೂ ಗೊತ್ತಿತ್ತು. ರೂಟರಿನಲ್ಲಿ ಎಂಟಿಯು (ಒಂದು ಸಲಕ್ಕೆ ಹೊರಬಲ್ಲ ಗರಿಷ್ಠ ಗಾತ್ರ) 1492 ಅಂತ ಬರೆದೂ ಇದ್ದೆ. ಎಡವಿದ್ದು ಆಮೇಲೆ. 1492 ಅನ್ನುವುದು ರೂಟರಿಗೆ ಗೊತ್ತು, ಅದರ ಹಿಂದೆ ಕೂತ ಫೋನಿಗೆ ಗೊತ್ತಿಲ್ಲ. ಫೋನಿಗೆ ಕಾಣುವುದು ಮನೆಯ ವೈಫೈ, ಅದು 1500ದ್ದೇ. ಟಿಸಿಪಿ ಸಂಪರ್ಕ ಶುರುವಾಗುವಾಗ, ಸಿನ್ ಅನ್ನುವ ಮೊದಲ ಪ್ಯಾಕೆಟ್‌ನಲ್ಲೇ, ಫೋನ್ ಸರ್ವರಿಗೆ "ನನಗೆ ಒಂದು ಸಲಕ್ಕೆ 1460ರವರೆಗೆ ಕಳಿಸು" ಅನ್ನುತ್ತದೆ. ಇದೇ ಎಂಎಸ್‌ಎಸ್. ಅದಕ್ಕೆ ಐಪಿ ಹೆಡರಿನ 20, ಟಿಸಿಪಿ ಹೆಡರಿನ 20 ಸೇರಿಸಿ, 1500 ಆಯಿತು.

ಸರ್ವರ್ ನಂಬಿ 1500ರದ್ದನ್ನೇ ಕಳಿಸುತ್ತದೆ, ಒಡೆಯಬೇಡಿ ಅನ್ನುವ ಗುರುತೂ ಹಾಕಿ. ಆ ಪ್ಯಾಕೆಟ್ ನಮ್ಮ ರೂಟರಿನವರೆಗೆ ಬರುವುದೇ ಇಲ್ಲ! ಸಂಪರ್ಕ ಕೊಡುವವರ ಕಡೆ, ಪೇಟ ಸುತ್ತುವ ಜಾಗದಲ್ಲೇ ಬಿದ್ದುಹೋಗುತ್ತದೆ. ನಾನು ನಮ್ಮ ಕಡೆಯ ಸೆಟ್ಟಿಂಗ್ ಎಷ್ಟು ತಿರುವಿದರೂ ಏನೂ ಕಾಣದಿದ್ದದ್ದು ಇದಕ್ಕೇ. ಅಲ್ಲಿಂದ "ದೊಡ್ಡದಾಯಿತು, ಚಿಕ್ಕದು ಕಳಿಸು" ಅನ್ನುವ ಐಸಿಎಂಪಿ ಸಂದೇಶ ಸರ್ವರಿಗೆ ತಲುಪಬೇಕು. ದಾರಿಯ ಯಾವುದೋ ಫೈರ್‌ವಾಲ್ ಅದನ್ನು ತಡೆದರೆ ಸರ್ವರಿಗೆ ವಿಷಯವೇ ತಿಳಿಯದು. ಕಳಿಸಿದ್ದನ್ನೇ ಕಳಿಸುತ್ತಾ ಕೂರುತ್ತದೆ.

ಈಗ ನೋಡಿ. ಪಿಂಗ್ ಚಿಕ್ಕದು, ದಾಟುತ್ತದೆ. ಬ್ಯಾಂಕಿನ ಸರ್ವರ್ ತನ್ನ ಗುರುತಿಗೆ ಕಳಿಸುವ ಸರ್ಟಿಫಿಕೇಟ್ ದೊಡ್ಡದು, ಸಿಕ್ಕಿಬೀಳುತ್ತದೆ. ರೂಟರ್ ತಾನೇ ಕೇಳಿದಾಗ ತನ್ನ 1492ರಲ್ಲಿ 40 ಕಳೆದು 1452 ಅಂತಲೇ ಹೇಳುತ್ತದೆ. ಯೂಟ್ಯೂಬ್ ಬಳಸುವ ಕ್ವಿಕ್ ಅನ್ನುವ ವಿಧಾನ ಟಿಸಿಪಿಯೇ ಅಲ್ಲ, ಯುಡಿಪಿ ಅನ್ನುವ ಬೇರೆಯದರ ಮೇಲಿನದು. ಅದು 1200 ಬೈಟಿನ ಆಸುಪಾಸಿನಲ್ಲಿ ಶುರುಮಾಡುತ್ತದೆ.

ಮದ್ದು ಒಂದೇ ಸಾಲು. ಎನ್‌ಎಫ್‌ಟೇಬಲ್ಸ್‌ನ ಫಾರ್ವರ್ಡ್ ಚೈನ್‌ನಲ್ಲಿ, ಹಾದುಹೋಗುವ ಸಿನ್ ಪ್ಯಾಕೆಟ್‌ನ ಎಂಎಸ್‌ಎಸ್ಸನ್ನು ದಾರಿಯ ಎಂಟಿಯುಗೆ ತಕ್ಕಂತೆ ಇಳಿಸುವ ನಿಯಮ. ಫೋನ್ 1460 ಅಂದರೂ ರೂಟರ್ ನಡುವೆ ಕೈಹಾಕಿ 1452 ಅಂತ ತಿದ್ದುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದು ಮೊದಲೇ ಇರುತ್ತದೆ. ಅದನ್ನು ಹಾಕಿಕೊಂಡವರಿಗೆ ಈ ಗೋಳು ಗೊತ್ತೇ ಆಗುವುದಿಲ್ಲ.

ಸರಿಯಾಗಿದೆಯಾ ಅಂತ ನೋಡಲು, ಒಡೆಯಬೇಡ ಅಂತ ಹೇಳಿ ಗಾತ್ರ ಕೊಟ್ಟು ಪಿಂಗ್ ಮಾಡಿ. ಇಲ್ಲೂ ನಾನು ಸುಮ್ನೆ 1492 ಕೊಟ್ಟು, ಹೋಗಲಿಲ್ಲ ಅಂತ ಗಾಬರಿಯಾದೆ. ನಾವು ಕೊಡುವ ಸಂಖ್ಯೆಗೆ ಆಮೇಲೆ 28 ಸೇರುತ್ತದೆ (ಐಪಿ 20, ಐಸಿಎಂಪಿ 8). 1464 ಹೋಗಬೇಕು, 1465 ಹೋಗಬಾರದು.

ವೈಫೈ

ಈ ಬೋರ್ಡಿನಲ್ಲಿ ವೈಫೈ ಇಲ್ಲ. ಯುಎಸ್‌ಬಿ ಡಾಂಗಲ್ ಕೊಳ್ಳುವ ಮುಂಚೆ ಅದರ ಚಿಪ್ ಎಪಿ ಮೋಡ್‌ನಲ್ಲಿ (ತಾನೇ ವೈಫೈ ಹಂಚುವ ರೀತಿಯಲ್ಲಿ) ಓಡುತ್ತದೆಯೇ, ಡ್ರೈವರ್ ಕರ್ನಲ್‌ನಲ್ಲೇ ಇದೆಯೇ ನೋಡಿ. ವೈಫೈ ಹಂಚುವ ಪ್ರೋಗ್ರಾಂ ಹೋಸ್ಟ್‌ಎಪಿಡಿಯಲ್ಲಿ ದೇಶದ ಕೋಡ್ ಐಎನ್ ಅಂತ ಹಾಕದಿದ್ದರೆ 5 ಗಿಗಾಹರ್ಟ್ಸ್ ಏಳದೇ ಇರಬಹುದು. ರೇಡಾರ್ ಜೊತೆ ಹಂಚಿಕೊಳ್ಳುವ ಚಾನೆಲ್ ಆರಿಸಿದರೆ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೂತು, ಆಮೇಲೆ ಏಳುತ್ತದೆ. ಕೆಟ್ಟಿದೆ ಅಂತ ರೀಸ್ಟಾರ್ಟ್ ಒತ್ತಬೇಡಿ. 2.4ರಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ.

ಕರೆಂಟ್ ಹೋದಾಗ

ಮಿನಿ ಯುಪಿಎಸ್‌ನೊಳಗೆ 3.7 ವೋಲ್ಟ್, 2000 ಎಂಎಎಚ್‌ನ ಮೂರು ಸೆಲ್ ಇದ್ದರೆ 22 ವ್ಯಾಟ್-ಅವರ್. 5 ವ್ಯಾಟ್‌ಗೆ ನಾಲ್ಕು ಗಂಟೆ ಅನ್ನಿಸುತ್ತದೆ, ನಷ್ಟ ಕಳೆದರೆ ಮೂರು ಚಿಲ್ಲರೆ. ಮೊದಲ ಸಲ ಕರೆಂಟ್ ಹೋದಾಗ ರೂಟರ್ ಜಮ್ಮಂತ ಉರಿಯುತ್ತಿತ್ತು, ಇಂಟರ್ನೆಟ್ ಮಾತ್ರ ಇಲ್ಲ. ಫೈಬರ್ ಡಬ್ಬಿಯ ಪ್ಲಗ್ಗು ಇನ್ನೂ ಗೋಡೆಯ ಸಾಕೆಟ್‌ನಲ್ಲೇ ಇತ್ತು.