ಕೊನೆಗಳಿಗೆಯಲ್ಲಿ ಪಕ್ಕದಲ್ಲಿ ಯಾರಿರಬೇಕು?

2022ರ ಅಕ್ಟೋಬರ್ 5. ಅಮೆರಿಕದ ಟೆಕ್ಸಾಸ್ ರಾಜ್ಯದ ಹಂಟ್ಸ್‌ವಿಲ್ ಜೈಲಿನಲ್ಲಿ ಜಾನ್ ಹೆನ್ರಿ ರಮಿರೆಜ್ ಎಂಬಾತನಿಗೆ ವಿಷದ ಇಂಜೆಕ್ಷನ್ ಕೊಟ್ಟರು. ಆಗ ಅವನ ಎದೆಯ ಮೇಲೆ ಒಂದು ಕೈ ಇತ್ತು. ಅದು ಅವನ ಪಾದ್ರಿ ಡೇನಾ ಮೂರ್ ಅವರ ಕೈ. ಆ ಕೈ ಅಲ್ಲಿರಲಿ ಎಂದು ಕೇಳಿಕೊಳ್ಳಲು ಅವನು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಗಿ ಬಂದಿತ್ತು.

ರಮಿರೆಜ್ ಅಮಾಯಕನೇನಲ್ಲ. 2004ರಲ್ಲಿ ಕಾರ್ಪಸ್ ಕ್ರಿಸ್ಟಿ ಊರಿನಲ್ಲಿ ಅಂಗಡಿ ಕೆಲಸದವನೊಬ್ಬನನ್ನು 29 ಸಲ ಇರಿದು ಕೊಂದಿದ್ದ. ದೋಚಿದ್ದು ಒಂದೂಕಾಲು ಡಾಲರ್. ಅವನನ್ನು ಕೊಲ್ಲುತ್ತೇವೆ ಎನ್ನುವುದರಲ್ಲಿ ಸರ್ಕಾರಕ್ಕೆ ಅನುಮಾನ ಇರಲಿಲ್ಲ. ಕೊಲ್ಲುವಾಗ ಇನ್ನೊಬ್ಬ ಮನುಷ್ಯ ಅವನನ್ನು ಮುಟ್ಟಬಹುದೇ ಎನ್ನುವುದಷ್ಟೇ ತಕರಾರು. ವಿಚಿತ್ರ ಅಲ್ವಾ?

ಈ ತಕರಾರಿನ ಬೇರು ತುಂಬಾ ಹಳೆಯದು. 1488ರಲ್ಲಿ ರೋಮ್‌ನಲ್ಲಿ ಒಂದು ಸಂಘ ಹುಟ್ಟಿತು. ತಲೆ ಕಡಿಸಿಕೊಂಡ ಸಂತ ಜಾನ್‌ನ ಹೆಸರು ಅದಕ್ಕೆ. ಸಾವಿನ ಶಿಕ್ಷೆಯಾದವನ ಜೊತೆ ಹಿಂದಿನ ರಾತ್ರಿಯಿಡೀ ಕೂರುವುದು ಅದರ ಸದಸ್ಯರ ಕೆಲಸ. ಬೆಳಿಗ್ಗೆ ಅವನನ್ನು ಕರೆದೊಯ್ಯುವಾಗ ಮುಖದ ಮುಂದೆ ಒಂದು ಚಿಕ್ಕ ಹಲಗೆ ಹಿಡಿಯುತ್ತಿದ್ದರು. ಹಲಗೆಯ ಮೇಲೆ ಏಸುವಿನದೋ ಸಂತರದೋ ಚಿತ್ರ. ಅವನ ಕಣ್ಣಿಗೆ ನೇಣುಗಂಬ ಕಾಣಬಾರದು, ದೇವರು ಕಾಣಬೇಕು. ಕಲಾವಿದ ಮೈಕೆಲೆಂಜೆಲೋ ಕೂಡ ಈ ಸಂಘದ ಸದಸ್ಯನಾಗಿದ್ದ.

ಒಳ್ಳೆಯ ಮನಸ್ಸಿನ ಕೆಲಸ, ಒಪ್ಪೋಣ. ಆದರೆ ಆ ರೋಮ್‌ನಲ್ಲಿ ದೊರೆ ಪೋಪರೇ. ಹಲಗೆ ಹಿಡಿದವರೂ ಕೊಡಲಿ ಹಿಡಿದವನೂ ಒಂದೇ ಧರ್ಮಪೀಠದ ನೆರಳಿನವರು. ಮುಂದೆ ಪೋಪರ ರಾಜ್ಯದಲ್ಲಿ ಬುಗಾಟಿ ಎಂಬ ವಧಕಾರ 1796ರಿಂದ ಸುಮಾರು ಏಳು ದಶಕ ಕೆಲಸ ಮಾಡಿದ. ಅವನ ಲೆಕ್ಕದಲ್ಲಿ 516 ಜೀವ.

ಲಂಡನ್ ಕಥೆ ಇನ್ನೂ ಒರಟು. ನ್ಯೂಗೇಟ್ ಜೈಲಿನ ಪಾದ್ರಿ ಗಲ್ಲಿಗೆ ಹೋಗುವವರ ತಪ್ಪೊಪ್ಪಿಗೆ ಕೇಳುತ್ತಿದ್ದ. ಆಮೇಲೆ ಅವರ ಜೀವನಕಥೆ, ಕೊನೆಯ ಮಾತು ಎಲ್ಲವನ್ನೂ ಅಚ್ಚು ಹಾಕಿಸಿ ಮಾರುತ್ತಿದ್ದ. ಹದಿನೇಳನೇ ಶತಮಾನದ ಕೊನೆಯಿಂದ ನೂರು ವರ್ಷದ ಹತ್ತಿರ ಈ ವ್ಯಾಪಾರ ನಡೆಯಿತು. ಸಾಯುವವನ ಆತ್ಮದ ಚಿಂತೆ ಒಂದು ಕಡೆ, ಪ್ರತಿ ಎಷ್ಟು ಖರ್ಚಾಯಿತು ಎಂಬ ಚಿಂತೆ ಇನ್ನೊಂದು ಕಡೆ.

ಈಗ ಮತ್ತೆ ಟೆಕ್ಸಾಸ್‌ಗೆ ಬರೋಣ. ನನ್ನನ್ನು ಜಾಸ್ತಿ ಕಾಡಿದ್ದು ಕ್ಯಾರಲ್ ಪಿಕೆಟ್ ಎಂಬ ಪಾದ್ರಿಯ ಕಥೆ. 1974ರಲ್ಲಿ ಹಂಟ್ಸ್‌ವಿಲ್ ಜೈಲಿನಲ್ಲಿ ಕೈದಿಗಳು ಹನ್ನೊಂದು ದಿನ ಜನರನ್ನು ಒತ್ತೆ ಇಟ್ಟುಕೊಂಡಿದ್ದರು. ಸತ್ತವರಲ್ಲಿ ಇಬ್ಬರು ಹೆಂಗಸರು ಇವರ ಚರ್ಚಿನವರೇ. ಇನ್ನು ಆ ಜೈಲಿನ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡ ಪಿಕೆಟ್, ಕೆಲವು ವರ್ಷಗಳ ನಂತರ ಅದೇ ಜೈಲಿನ ಪಾದ್ರಿಯಾದರು. 1982ರ ಡಿಸೆಂಬರ್ 7ರಂದು ಅಲ್ಲಿ ಚಾರ್ಲಿ ಬ್ರೂಕ್ಸ್ ಎಂಬಾತನಿಗೆ ಪ್ರಪಂಚದ ಮೊದಲ ವಿಷದ ಇಂಜೆಕ್ಷನ್ ಶಿಕ್ಷೆ ಆಯಿತು. ಪಕ್ಕದಲ್ಲಿ ಪಿಕೆಟ್ ಇದ್ದರು. 1995ರ ಹೊತ್ತಿಗೆ ಅವರು ನೋಡಿದ ಸಾವುಗಳು 95.

ಅವರಿಗೆ ಜೈಲಿನವರು ವಹಿಸಿದ್ದ ಕೆಲಸ ಏನು ಗೊತ್ತಾ? ದಿನವಿಡೀ ಕೈದಿಯ ಜೊತೆ ಇದ್ದು, ಅವನ ಮನಸ್ಸು ಗೆದ್ದು, ಮಂಚಕ್ಕೆ ಕಟ್ಟುವಾಗ ಅವನು ಕೊಸರಾಡದ ಹಾಗೆ ನೋಡಿಕೊಳ್ಳುವುದು. ಪಿಕೆಟ್ ಅದನ್ನು ಪ್ರೀತಿಯಿಂದಲೇ ಮಾಡಿದರು. ಅವನ ಜೊತೆ ಮಾತಾಡಿದರು, ಪ್ರಾರ್ಥಿಸಿದರು, ಕೊನೆಗೆ ಮೊಣಕಾಲ ಕೆಳಗೆ ಕೈಯಿಟ್ಟು ನಿಂತರು. ಪ್ರತಿ ಸಲ ಮನೆಗೆ ಬಂದು ಅನ್ನಿಸಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹೇಳಿಕೊಂಡರು. 1989ರಲ್ಲಿ ಸತ್ತ ಕಾರ್ಲೋಸ್ ಡೆಲೂನಾ ನಿರಪರಾಧಿ ಎಂದೇ ಅವರು ನಂಬಿದ್ದರು. ಅವನ ಕಾಲ ಮೇಲೂ ಕೈಯಿಟ್ಟಿದ್ದರು. ನಿವೃತ್ತಿಯ ನಂತರ ಅವರು ಮರಣದಂಡನೆಯ ವಿರುದ್ಧ ಬಹಿರಂಗವಾಗಿ ಮಾತಾಡಿದರು.

ಇಲ್ಲಿರುವ ತೊಡಕನ್ನು ಮುಚ್ಚಿಡುವುದು ಬೇಡ. ಪಾದ್ರಿ ಇದ್ದರೆ ಸಾಯುವವನಿಗೆ ಧೈರ್ಯ. ಆದರೆ ಅದೇ ಧೈರ್ಯದಿಂದ ಕೊಲ್ಲುವವರ ಕೆಲಸವೂ ಸಲೀಸಾಗುತ್ತದೆ. ಗಲಾಟೆಯಿಲ್ಲ, ಕಿರುಚಾಟವಿಲ್ಲ, ಎಲ್ಲ ಸುಸೂತ್ರ. ನನಗೆ ಮರಣದಂಡನೆ ಬೇಡ. ಹಾಗಂತ ಅದು ಇರುವವರೆಗೆ ಆ ಕೈಯನ್ನೂ ತೆಗೆದುಬಿಡಿ ಎನ್ನಲು ಬಾಯಿ ಬರುವುದಿಲ್ಲ.

ಇದೇ ಕೆಲಸವನ್ನು ಜೈಲಿನ ಸಂಬಳ ಇಲ್ಲದೆ ಮಾಡಿದವರು ಹೆಲೆನ್ ಪ್ರೇಜಾನ್. ಲೂಸಿಯಾನಾದ ಈ ಕ್ರೈಸ್ತ ಸನ್ಯಾಸಿನಿ ಸುಮ್ನೆ ಕೈದಿಯೊಬ್ಬನಿಗೆ ಪತ್ರ ಬರೆಯಲು ಶುರು ಮಾಡಿದವರು. 1984ರ ಏಪ್ರಿಲ್‌ನಲ್ಲಿ ಅವನನ್ನು ವಿದ್ಯುತ್ ಕುರ್ಚಿಗೆ ಕಟ್ಟುವ ಹೊತ್ತಿಗೆ, ನನ್ನ ಮುಖ ನೋಡು ಎಂದು ಅವನಿಗೆ ಹೇಳಿದ್ದರು. ರೋಮ್‌ನಲ್ಲಿ ಹಲಗೆ ಇದ್ದ ಜಾಗದಲ್ಲಿ ಇಲ್ಲಿ ಒಬ್ಬ ಹೆಂಗಸಿನ ಮುಖ. ಮೊದಮೊದಲು ಕೊಲೆಯಾದವರ ಮನೆಯವರನ್ನು ಹೋಗಿ ನೋಡಲಿಲ್ಲ, ಅದು ತಪ್ಪಾಯಿತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆ ಮನೆಗಳ ಸಿಟ್ಟಿನಲ್ಲಿ ನ್ಯಾಯವಿತ್ತು. ಪ್ರೇಜಾನ್ ಅಂಥವರು ದಶಕಗಳ ಕಾಲ ಒತ್ತಾಯಿಸಿದ ಮೇಲೆ, 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನ ಬೋಧನೆಯನ್ನೇ ತಿದ್ದಿಸಿದರು. ಮರಣದಂಡನೆಗೆ ಒಪ್ಪಿಗೆಯೇ ಇಲ್ಲ ಎಂದರು. ಬುಗಾಟಿಗೆ ಸಂಬಳ ಕೊಟ್ಟ ಅದೇ ಪೀಠ!

ಮರುವರ್ಷವೇ ಕೋರ್ಟಿನ ಜಟಾಪಟಿ ಶುರು. 2019ರ ಫೆಬ್ರವರಿಯಲ್ಲಿ ಅಲಬಾಮಾದ ಮುಸ್ಲಿಂ ಕೈದಿ ಡಾಮಿನಿಕ್ ರೇ ತನ್ನ ಇಮಾಮ್ ಒಳಗೆ ಬರಲಿ ಎಂದ. ಜೈಲಿನ ಕ್ರೈಸ್ತ ಪಾದ್ರಿಗೆ ಮಾತ್ರ ಅಲ್ಲಿ ಪ್ರವೇಶ. ಕೇಳಿದ್ದು ತಡವಾಯಿತು ಎಂದು ಸುಪ್ರೀಂ ಕೋರ್ಟ್ 5–4ರಲ್ಲಿ ಅವನನ್ನು ಕೈಬಿಟ್ಟಿತು. ಇದು ಘೋರ ತಪ್ಪು ಎಂದು ನ್ಯಾಯಮೂರ್ತಿ ಎಲೆನಾ ಕೇಗನ್ ಭಿನ್ನಮತ ಬರೆದರು. ಮುಂದಿನ ತಿಂಗಳು ಟೆಕ್ಸಾಸ್‌ನ ಪ್ಯಾಟ್ರಿಕ್ ಮರ್ಫಿ ಬೌದ್ಧ ಗುರು ಬೇಕು ಎಂದಾಗ ಅದೇ ಕೋರ್ಟ್ ಶಿಕ್ಷೆಯನ್ನೇ ತಡೆಯಿತು. ಎಲ್ಲ ಧರ್ಮದವರನ್ನೂ ಬಿಡಿ, ಇಲ್ಲವೇ ಯಾರನ್ನೂ ಬಿಡಬೇಡಿ ಎಂಬ ಸೂಚನೆ ಬಂತು. ಟೆಕ್ಸಾಸ್ ಸುಲಭದ ದಾರಿ ಹಿಡಿಯಿತು. ಯಾರನ್ನೂ ಬಿಡಲಿಲ್ಲ. ಎರಡು ವರ್ಷದ ನಂತರ ಮತ್ತೆ ಬಿಟ್ಟರು, ಆದರೆ ಪಾದ್ರಿ ಮಾತಾಡಬಾರದು, ಮುಟ್ಟಬಾರದು. ಗೋಡೆಗೆ ಒರಗಿ ನಿಂತಿರಬೇಕು, ಅಷ್ಟೇ.

ರಮಿರೆಜ್ ಜಗಳ ತೆಗೆದದ್ದು ಇದರ ಮೇಲೆಯೇ. 2022ರ ಮಾರ್ಚ್ 24ರಂದು 8–1ರಲ್ಲಿ ಅವನ ಪರ ತೀರ್ಪು ಬಂತು. ಮರಣಶಿಕ್ಷೆಯ ಹೊತ್ತಿನ ಪ್ರಾರ್ಥನೆ ದೇಶ ಹುಟ್ಟುವ ಮೊದಲಿಂದಲೂ ಇದ್ದದ್ದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಶಿಕ್ಷೆ ಸರಿಯೋ ತಪ್ಪೋ ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ.

2024ರ ಜನವರಿ 25ರಂದು ಅಲಬಾಮಾ ಹೊಸ ವಿಧಾನ ಹಿಡಿಯಿತು. ಕೆನೆತ್ ಸ್ಮಿತ್‌ನ ಮುಖಕ್ಕೆ ಮಾಸ್ಕ್ ಹಾಕಿ ನೈಟ್ರೋಜನ್ ಅನಿಲ ಬಿಟ್ಟರು. ಪಕ್ಕದಲ್ಲಿದ್ದ ಪಾದ್ರಿ ಜೆಫ್ ಹುಡ್ ಅದಕ್ಕೂ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕಾಯಿತು. ಅನಿಲ ಸೋರಿದರೆ ಅವರಿಗೂ ಅಪಾಯ, ಅದಕ್ಕೇ ಮೂರು ಅಡಿ ದೂರ ಇರಬೇಕು ಎಂದು ಅದರಲ್ಲಿತ್ತು.

ನಮ್ಮಲ್ಲಿ ಹೇಗೆ? ಕೇಂದ್ರದ 2016ರ ಮಾದರಿ ಜೈಲು ಕೈಪಿಡಿಯ ಪ್ರಕಾರ, ಕೈದಿ ಬಯಸಿದರೆ ಅವನ ಧರ್ಮದ ಗುರುವೊಬ್ಬರು ಗಲ್ಲಿನ ಜಾಗದಲ್ಲಿ ಇರಬಹುದು. ಬಿಡುವುದು ಬಿಡದಿರುವುದು ಸೂಪರಿಂಟೆಂಡೆಂಟ್ ಕೈಯಲ್ಲಿ. ಕರ್ನಾಟಕದಲ್ಲಿ ಗಲ್ಲಿಗೆ ಹಾಕುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ವೀರಪ್ಪನ್ ತಂಡದ 1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾದ ನಾಲ್ವರು ಅಲ್ಲೇ ಇದ್ದರು. ಆ ಸ್ಫೋಟದಲ್ಲಿ 22 ಜನ ಸತ್ತಿದ್ದರು. ಕೈದಿಗಳ ಕ್ಷಮಾದಾನ ಅರ್ಜಿ ಸುಮಾರು ಒಂಬತ್ತು ವರ್ಷ ಬಿದ್ದಿದ್ದು, 2013ರ ಫೆಬ್ರವರಿಯಲ್ಲಿ ತಿರಸ್ಕಾರವಾಯಿತು. 2014ರ ಜನವರಿ 21ರಂದು ನಮ್ಮ ಸುಪ್ರೀಂ ಕೋರ್ಟ್ ಆ ನಾಲ್ವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು.

ಮುಂದೆ ಗಲ್ಲಿಗೇರುವವರ ಬಗ್ಗೆಯೂ ಅದೇ ತೀರ್ಪು ಒಂದು ನಿಯಮ ಮಾಡಿತು. ಅರ್ಜಿ ತಿರಸ್ಕಾರವಾದ ಸುದ್ದಿ ತಿಳಿಸಿದ ಮೇಲೆ ಕನಿಷ್ಠ 14 ದಿನ ಕೊಡಬೇಕು. ಯಾಕೆ ಎಂದೂ ಕೋರ್ಟ್ ಹೇಳಿದೆ. ಕೈದಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ದೇವರ ಜೊತೆ ರಾಜಿಯಾಗಬೇಕು, ಉಯಿಲು ಬರೆಯಬೇಕು, ಮನೆಯವರನ್ನು ಕೊನೆಯ ಸಲ ನೋಡಬೇಕು. ಇಷ್ಟಕ್ಕೂ ಸೇರಿ ಎರಡು ವಾರ.